ಆದರೆ ಇಲ್ಲದ ಪಾಠ

ಮೂರು ಗಂಟೆಯ ಪಾಠಕ್ಕೆ ಇನ್ನೂ ಏಳು ನಿಮಿಷ ಇರುವಾಗಲೇ ಚರ್ಚಿನ ಉಪದೇಶಿಗೆ ಮೂರನೇ ಇಸ್ತ್ರಿ ಯಂತ್ರ ತಣ್ಣಗಿರುವುದು ಕಾಣಿಸಿತು. ಉಳಿದ ಐದು ಯಂತ್ರಗಳ ಬೆನ್ನ ಮೇಲೆ ಹಬೆ ಇನ್ನೂ ಆಡುತ್ತಿತ್ತು. ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ಆ ಜಾಗದಲ್ಲಿ ಪಾಳಿ ಮುಗಿದ ಮೇಲೂ ಅರ್ಧ ಗಂಟೆ ಎಲ್ಲವೂ ಬೆಚ್ಚಗಿರುತ್ತದೆ. ಮೂರನೆಯದರ ಮೇಲೆ ಮಾತ್ರ ಯಾರೋ ದಿಂಬಿನ ಚೀಲಗಳನ್ನು ಮಡಿಸಿ ಪೇರಿಸಿಟ್ಟಿದ್ದರು. ಕೆಲಸ ನಡೆದ ಯಂತ್ರದ ಮೇಲೆ ಯಾರೂ ಬಟ್ಟೆ ಇಡುವುದಿಲ್ಲ, ಕಂದುತ್ತದೆ. ಅವನು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಯಂತ್ರದ ಪಕ್ಕೆಗೆ ಅಂಗೈ ಇಟ್ಟ. ಕಬ್ಬಿಣ ಕಬ್ಬಿಣದಷ್ಟೇ ತಣ್ಣಗಿತ್ತು. ಅದನ್ನು ನಡೆಸುವವಳಿಗೆ ಜ್ವರ ಬಂದಿರಬಹುದು, ಯಾರಿಗೆ ಬರುವುದಿಲ್ಲ, ಎಂದುಕೊಂಡ. ಹಾಗೆ ಅಂದುಕೊಂಡದ್ದು ತನ್ನ ಸಮಾಧಾನಕ್ಕೆ ಎಂದು ಗೊತ್ತಾಗಿ ಕೈ ಹಿಂದೆ ತೆಗೆದ. ಹೋದ ಬುಧವಾರದ ಪಾಠದ ನಂತರ ಈ ಏಳು ದಿನದಲ್ಲಿ ಅವನು ಅವಳ ಬಗ್ಗೆ ಯೋಚಿಸಿಯೇ ಇಲ್ಲ ಎನ್ನುವುದು ಸುಳ್ಳು. ಯೋಚನೆ ಬಂದಾಗಲೆಲ್ಲ ಬೇರೆ ಕೆಲಸಕ್ಕೆ ಕೈ ಹಾಕಿದ್ದ, ಅಷ್ಟೆ.

ಪಾಠ ನಡೆಯುವುದು ಮಡಿಕೆ ಕೋಣೆಯಲ್ಲಿ. ಒಂದು ಉದ್ದ ಮೇಜು, ಅದರ ಎರಡೂ ಕಡೆ ಬೆಂಚು, ಗೋಡೆಗೆ ಚೀಲಗಳ ರಾಶಿ. ಇಲ್ಲಿ ಪುಸ್ತಕವಿಲ್ಲ, ಹಲಗೆಯಿಲ್ಲ, ಬಳಪವಿಲ್ಲ. ಓದು ಬಾರದವರನ್ನು ಅಕ್ಷರದ ಮುಂದೆ ಕೂರಿಸಿ ನಾಚಿಸಬಾರದು ಎನ್ನುವುದು ತರಬೇತಿಯ ಮೊದಲ ನಿಯಮ. ಹತ್ತು ವಾರ, ಹತ್ತು ಪಾಠ. ಪ್ರತಿ ಪಾಠಕ್ಕೂ ಒಂದೇ ವಾಕ್ಯ, ಕೈಯಲ್ಲಿ ಮಾಡುವ ಒಂದು ಸನ್ನೆ, ಮನೆಗೆ ಒಯ್ಯುವ ಒಂದು ಕೆಲಸ. ಮುಂದಿನ ವಾರ ಬಂದು ಕೆಲಸ ಮಾಡಿದೆನೋ ಇಲ್ಲವೋ ಎಂದು ಎಲ್ಲರ ಮುಂದೆ ಹೇಳಬೇಕು. ಹತ್ತೂ ಮುಗಿಸಿದವರಿಗೆ ದೀಕ್ಷಾಸ್ನಾನ. ಈ ಕ್ರಮವನ್ನು ಕಟ್ಟಿದ ಮೇಲ್ವಿಚಾರಕ ಪಾದ್ರಿಗಳು ತರಬೇತಿಯಲ್ಲಿ ಅವನ ಟಿಪ್ಪಣಿ ಪುಸ್ತಕ ಇಸಿದುಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಎಲ್ಲೆಲ್ಲಿ 'ಆದರೆ' ಇತ್ತೋ ಅಲ್ಲೆಲ್ಲ ಗೆರೆ ಎಳೆದಿದ್ದರು. "ನೋಡಿ, ನೀವು ಓದಿದವರು, ನಿಮಗೆ ಆದರೆ ಬೇಕು. ಅವರಿಗೆ ಬೇಡ. ಆದರೆ ಅಂದ ತಕ್ಷಣ ಜನ ದಾರಿ ತಪ್ಪುತ್ತಾರೆ. ಒಂದು ಪಾಠ, ಒಂದು ಮಾತು. ಗಟ್ಟಿಯಾಗಿ ಹೇಳಿ, ಬಿಟ್ಟುಬಿಡಿ." ಅವನಿಗೆ ಆಗ ಮುಖಕ್ಕೆ ಹೊಡೆದ ಹಾಗಾಗಿತ್ತು. ನಿಜ ಹೇಳಬೇಕೆಂದರೆ ಅದಕ್ಕೆ ಮುಂಚೆ ಅವನ ಪಾಠವೆಂದರೆ ಜನಕ್ಕೆ ನಿದ್ದೆಯ ಮದ್ದು. ತ್ರಿಯೇಕತ್ವವನ್ನು ಮುಕ್ಕಾಲು ಗಂಟೆ ಬಿಡಿಸಿ ಹೇಳಿದ ದಿನ ಬಾಯ್ಲರ್ ನೋಡಿಕೊಳ್ಳುವ ಮುದುಕ ಗೊರಕೆ ಹೊಡೆದು, ತನ್ನ ಗೊರಕೆಗೆ ತಾನೇ ಎಚ್ಚೆತ್ತು, "ಆಮೆನ್" ಎಂದು ಕೂಗಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ಮನೆಗೆ ಹೋಗಿ ಊಟ ಮಾಡಿರಲಿಲ್ಲ.

ಈಗ ಯಾರೂ ಮಲಗುವುದಿಲ್ಲ. ಬೆಂಚಿನ ತುದಿಯಲ್ಲಿ ಕೂರುತ್ತಾರೆ, ಸನ್ನೆ ಮಾಡುತ್ತಾರೆ, ಮನೆಗೆ ಹೋಗಿ ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಬರುತ್ತಾರೆ. ಹೋದ ಬುಧವಾರ ಆರನೇ ಪಾಠ: ಎಲ್ಲರನ್ನೂ ಕ್ಷಮಿಸು. ಸನ್ನೆ, ಎರಡೂ ಮುಷ್ಟಿ ಬಿಗಿದು ಆಮೇಲೆ ಬಿಚ್ಚುವುದು. ಕೆಲಸ, ಯಾರ ಮೇಲೆ ನಿನಗೆ ಸಿಟ್ಟಿದೆಯೋ ಅವರನ್ನು ಈ ವಾರ ನಿನ್ನ ಮನೆಗೆ ಕರೆದು ಒಂದು ಹೊತ್ತು ಊಟ ಹಾಕುವುದು. ಅವತ್ತು ಬಾಗಿಲ ಪಕ್ಕದ ಕುರ್ಚಿಯಲ್ಲಿ ಮೇಲ್ವಿಚಾರಕ ಪಾದ್ರಿಗಳು ಖುದ್ದು ಕೂತಿದ್ದರು. ಅವರು ಬಂದು ಕೂತರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ನಲವತ್ತೇಳು ವರ್ಷದ ಬೆನ್ನು. ಕ್ರಿಸ್ತ ತನ್ನನ್ನು ಕೊಂದವರನ್ನೇ ಕ್ಷಮಿಸಿದ, ನಾವೇನು ಮಹಾ, ಎಂದು ಅವನು ಗಟ್ಟಿಯಾಗಿ ಹೇಳಿ ಮುಗಿಸಿದಾಗ ಮೂರನೇ ಯಂತ್ರದವಳು ಕೈ ಎತ್ತಿದಳು. ಅವಳು ಕೈ ಎತ್ತುವವಳೇ ಅಲ್ಲ. "ಎಲ್ರನ್ನೂನಾ ಮೇಷ್ಟ್ರೇ?" ಎಂದಳು. ಮೆಲ್ಲಗೆ ಕೇಳಿದ್ದಳು, ಯಾವ ಭಾರವೂ ಇಲ್ಲದ ದನಿಯಲ್ಲಿ. ಅವನಿಗೆ ಅವಳು ಯಾರ ಬಗ್ಗೆ ಕೇಳುತ್ತಿದ್ದಾಳೆಂದು ಗೊತ್ತಾಯಿತು. ಗೊತ್ತಾದ ಮೇಲೆ ಅವನ ಕಣ್ಣು ಅವಳನ್ನು ಬಿಟ್ಟು ಬಾಗಿಲ ಪಕ್ಕದ ಕುರ್ಚಿಯ ಕಡೆ ಹೋಯಿತು. "ಎಲ್ಲರನ್ನೂ," ಎಂದ. ಪಾದ್ರಿಗಳು ತಲೆ ಆಡಿಸಿದರು. ಹೋಗುವಾಗ ಹೆಗಲು ತಟ್ಟಿ, "ಒಂದೇ ಒಂದು ಆದರೆ ಬರಲಿಲ್ಲ ನಿಮ್ಮ ಬಾಯಲ್ಲಿ. ಶಭಾಷ್," ಎಂದರು. ಆ ಶಭಾಷನ್ನು ಅವನು ಮನೆಯವರೆಗೆ ಹೊತ್ತುಕೊಂಡು ಹೋಗಿ ಹೆಂಡತಿಗೆ ಹೇಳಿದ್ದ.

ಗೊತ್ತಿತ್ತು. ಅದನ್ನು ಅಲ್ಲಗಳೆಯಲಾಗದು. ತರಗತಿಗೆ ಸೇರುವಾಗ ಅವನು ಒಬ್ಬೊಬ್ಬರ ವಿಳಾಸ ಬರೆದುಕೊಳ್ಳುತ್ತಿದ್ದ. ಅವಳ ಸರದಿ ಬಂದಾಗ ಅವಳು ಮೇಜಿನ ಮೇಲೆ ಬಾಗಿ ಅವನ ಪೆನ್ನಿನ ಮೇಲೆ ಬೆರಳಿಟ್ಟಿದ್ದಳು. "ನಂದು ಬರೀಬೇಡಿ. ಬರೆದಿದ್ದು ಯಾರ್ ಯಾರ್ ಕೈಗೋ ಹೋಗತ್ತೆ." ಯಾಕಮ್ಮ ಎಂದಿದ್ದಕ್ಕೆ, "ನಮ್ಮನೆಯವ್ರು ಹುಡುಕ್ತಾ ಇರ್ತಾರೆ," ಎಂದು, ಕುತ್ತಿಗೆಯ ಬಟ್ಟೆ ಸರಿ ಮಾಡಿಕೊಂಡಿದ್ದಳು. ಸರಿ ಮಾಡಿಕೊಳ್ಳುವುದಕ್ಕೆ ಮುಂಚೆ ಅವನು ಅಲ್ಲಿನ ಹಳೇ ಗಾಯದ ಕಲೆಯನ್ನು ಕಂಡಿದ್ದ. ಹೋದ ಬುಧವಾರ ಹೆಂಡತಿ ಶಭಾಷಿನ ಕಥೆ ಕೇಳುತ್ತಾ ಗುಂಡಿ ಹೊಲಿಯುತ್ತಿದ್ದಳು; ದಾರ ಕಡಿದು, "ಸುಲಭ ಮಾಡ್ದೆ ಸುಲಭ ಮಾಡ್ದೆ ಅಂತೀಯಲ್ಲ, ಯಾರಿಗೆ ಸುಲಭ ಆಯ್ತು? ನಿಂಗೋ ಅವರಿಗೋ?" ಎಂದಳು. ಅವನಿಗೆ ರೇಗಿತ್ತು. ನಿನಗೆ ಏನು ಹೇಳಿದರೂ ಒಂದು ಕೊಂಕು ಎಂದು ಎದ್ದು ಹೋಗಿದ್ದ.

ಅಷ್ಟರಲ್ಲಿ ಅತ್ತಿಗೆ ನಾದಿನಿ ಬಂದರು. ಆ ಇಬ್ಬರೂ ಹಾಸುಬಟ್ಟೆ ಮಡಿಸುವವರು, ಎದುರುಬದುರು ನಿಂತು ಒಂದೇ ಬಟ್ಟೆಯ ನಾಲ್ಕು ಮೂಲೆ ಹಿಡಿದು ದಿನಕ್ಕೆ ಆರುನೂರು ಸಲ ಒಬ್ಬರ ಹತ್ತಿರ ಒಬ್ಬರು ಬಂದು ಹಿಂದೆ ಸರಿಯುತ್ತಾರೆ, ಆರುನೂರು ಸಲವೂ ಜಗಳವಾಡುತ್ತಾರೆ. ಅವರ ಹಿಂದೆ ಬಾಯ್ಲರಿನ ಮುದುಕ, ಎಲ್ಲರಿಗೂ ಹಬೆತಾತ, ಕೈ ಒರೆಸಿಕೊಳ್ಳುತ್ತಾ ಬಂದು ಕೂತ. ಇನ್ನು ನಾಲ್ಕೈದು ಮಂದಿ. ಮೂರನೇ ಯಂತ್ರದವಳ ಜಾಗ ಖಾಲಿ. ಉಪದೇಶಿ ಅದನ್ನು ನೋಡದವನ ಹಾಗೆ ವಾಡಿಕೆಯಂತೆ ಕೇಳಿದ, ಹೋದ ವಾರದ ಕೆಲಸ ಯಾರು ಯಾರು ಮಾಡಿದಿರಿ. ದನಿ ಸರಿಯಾಗಿಯೇ ಬಂತು.

"ನಾನ್ ಮಾಡ್ದೆ ಮೇಷ್ಟ್ರೇ," ಎಂದಳು ಅತ್ತಿಗೆ. "ಇವಳನ್ನ ಕ್ಷಮಿಸಿ ಊಟ ಹಾಕ್ದೆ. ಉಪ್ಪು ಕಮ್ಮಿ ಅಂದ್ಲು. ವಾಪಸ್ ತಗೊಂಡೆ."

"ಊಟಾನಾ, ಕ್ಷಮೆನಾ?" ಎಂದ ಹಬೆತಾತ.

"ಎರಡೂನೂ."

ನಕ್ಕರು. ಹಬೆತಾತ ತಾನು ಬಾಯ್ಲರ್ ಮಾಡಿದ ಕಂಪನಿಯವರನ್ನು ಕ್ಷಮಿಸಿದ್ದಾಗಿಯೂ, ಅವರು ಎಲ್ಲಿದ್ದಾರೋ ಗೊತ್ತಿಲ್ಲವಾದ್ದರಿಂದ ಅವರ ಪಾಲಿನ ಊಟವನ್ನು ತಾನೇ ಮಾಡಿದ್ದಾಗಿಯೂ ಹೇಳಿದ. ಮತ್ತೂ ನಕ್ಕರು. ಉಪದೇಶಿಯೂ ಹಲ್ಲು ತೋರಿಸಿದ. ಆಗ ನಾದಿನಿ, ಎಲ್ಲರಿಗಿಂತ ಒಳ್ಳೆಯ ಸುದ್ದಿ ತನ್ನ ಬಳಿ ಇದೆ ಎಂಬ ಹಿಗ್ಗಿನಲ್ಲಿ, ಮೇಜಿನ ಮೇಲೆ ಮೊಣಕೈ ಊರಿದಳು. "ನಾವೆಲ್ಲಾ ಆಟ ಆಡಿದ್ವಿ ಮೇಷ್ಟ್ರೇ. ಮಾಡಿದ್ರೆ ಮೂರನೇ ಮಿಷಿನ್ನಿನವಳು ಮಾಡಿದ್ಲು. ಗಂಡನ್ನ ಕರೆಸ್ಕೊಂಡ್ಲು."

"ಯಾವಾಗ?" ಎಂದ ಉಪದೇಶಿ.

"ಶನಿವಾರ ನನ್ನ ಹತ್ರಾನೇ ಫೋನ್ ಮಾಡಿಸಿದ್ಲು. ಭಾನುವಾರ ಬಂದ್ರು. ಊಟ ಹಾಕಿದ್ಲು. ಅವ್ರು ಅಲ್ಲೇ ಉಳ್ಕೊಂಡ್ರು. ಸೋಮವಾರದಿಂದ ಇವಳು ಕೆಲಸಕ್ಕೆ ಬಂದಿಲ್ಲ. ಎಷ್ಟು ವರ್ಷ ಆದ್ಮೇಲೆ ಒಂದಾಗಿದಾರೆ, ಇರ್ಲಿ ಬಿಡಿ ಅಂತ ನಾವೂ ಕೂಗೋಕೆ ಹೋಗ್ಲಿಲ್ಲ."

"ನೀನು ನೋಡಿದ್ಯಾ ಅವಳನ್ನ? ಸೋಮವಾರದ ಮೇಲೆ?"

ನಾದಿನಿ ಅತ್ತಿಗೆಯ ಮುಖ ನೋಡಿದಳು. ಮೊದಲ ಸಲ ಇಬ್ಬರಿಗೂ ಒಂದೇ ಉತ್ತರವಿತ್ತು. ಇಲ್ಲ. ಓಣಿಯಲ್ಲಿ ಹೋಗುವಾಗ ಬಟ್ಟೆ ಒಣಗಲು ಹಾಕಿದ್ದು ಕಂಡಿತ್ತು, ಅವಳು ಕಂಡಿರಲಿಲ್ಲ. ಅವರ ಮುಖದ ಹಿಗ್ಗು ಹಾಗೇ ಸ್ವಲ್ಪ ಹೊತ್ತು ನಿಂತು, ಅವನ ಮುಖ ನೋಡಿ, ಇಳಿಯಿತು. "ಯಾಕೆ ಮೇಷ್ಟ್ರೇ, ತಪ್ಪಾಯ್ತಾ?" ಎಂದು ಅತ್ತಿಗೆ ಕೇಳಿದಳು. ಆಗಲೇ ಹೇಳಬೇಕಿತ್ತು. ಹೌದು, ತಪ್ಪಾಯಿತು, ನನ್ನಿಂದಾಯಿತು, ಏಳಿ, ಎಲ್ಲರೂ ಒಟ್ಟಿಗೆ ಹೋಗಿ ನೋಡೋಣ ಎನ್ನಬೇಕಿತ್ತು. ಒಂಬತ್ತು ಜನ ಹೋಗಿದ್ದರೆ ಬೇರೆ ಮಾತಿತ್ತು. ಅವನು "ಇಲ್ಲ ಇಲ್ಲ, ಒಳ್ಳೇದಾಯ್ತು," ಎಂದ. ಎಂದು, ಏಳನೇ ಪಾಠ ಶುರು ಮಾಡಿಯೇಬಿಟ್ಟ. ಏಳನೇ ಪಾಠದ ವಾಕ್ಯ: ದೇವರು ನಿನ್ನ ಜೊತೆ ಇದ್ದಾನೆ, ಹೆದರಬೇಡ. ಸನ್ನೆ, ಅಂಗೈ ಎದೆಯ ಮೇಲೆ. ಎಲ್ಲರೂ ಅಂಗೈ ಎದೆಯ ಮೇಲಿಟ್ಟು ಹೆದರಬೇಡ ಹೆದರಬೇಡ ಎಂದು ಮೂರು ಸಲ ಹೇಳಿದರು. ಅವನ ಅಂಗೈ ಕೆಳಗೆ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಎದುರಿನ ಬೆಂಚಿನವರಿಗೆ ಅಂಗಿ ಅಲುಗುವುದು ಕಾಣುತ್ತದೇನೋ ಎಂದು ಅವನು ಕೈಯನ್ನು ಇನ್ನಷ್ಟು ಒತ್ತಿ ಹಿಡಿದ. ನಲವತ್ತು ನಿಮಿಷದ ಪಾಠವನ್ನು ಹತ್ತು ನಿಮಿಷಕ್ಕೆ ಮುಗಿಸಿದ. ಮನೆಗೆ ಒಯ್ಯುವ ಕೆಲಸ ಹೇಳಲು ಮರೆತ. ಅವಳ ಮನೆ ಎಲ್ಲಿ ಎಂದು ನಾದಿನಿಯನ್ನು ಕೇಳಿಕೊಂಡ, ಸುಮ್ಮನೆ ಆಶೀರ್ವಾದ ಮಾಡಿ ಬರಲು ಎಂಬಂತೆ.

ಬಣ್ಣದಂಗಡಿಯ ಓಣಿ, ಕೊನೆಯ ಮನೆ, ಮೂರನೇ ಮಹಡಿ. ನಡೆಯುವುದಕ್ಕೆ ಕಾಲು ಗಂಟೆ ಸಾಕು. ಅವನು ಬೇಗ ಬೇಗ ಹೆಜ್ಜೆ ಹಾಕಿದ, ಆಮೇಲೆ ಬೇಗ ತಲುಪಿಬಿಡುತ್ತೇನೆ ಎನ್ನಿಸಿ ನಿಧಾನ ಮಾಡಿದ. ಹೆದರಿಕೆ ಎರಡಿದ್ದವು, ಅವನು ಅವನ್ನು ಬೇರೆ ಬೇರೆ ಮಾಡಲು ನೋಡಿದ. ಅವಳಿಗೆ ಏನಾಗಿದೆಯೋ ಎನ್ನುವುದು ಒಂದು. ತನಗೆ ಏನಾಗುತ್ತದೋ ಎನ್ನುವುದು ಇನ್ನೊಂದು. ಮೊದಲನೆಯದು ದೊಡ್ಡದಿರಬೇಕು, ದೊಡ್ಡದಿದೆ ಎಂದು ತನಗೇ ಹೇಳಿಕೊಂಡ. ಪಕ್ಕದಲ್ಲಿ ಒಬ್ಬ ಕೈಗಾಡಿಯವನು ಸುಮ್ಮನೆ ಕೆಮ್ಮಿದ್ದಕ್ಕೆ ಬೆಚ್ಚಿಬಿದ್ದಾಗ ದೊಡ್ಡದು ಯಾವುದೆಂದು ತಿಳಿಯಿತು. ಸಣ್ಣವನಿದ್ದಾಗ ಶಾಲೆಯ ಮೈದಾನದಲ್ಲಿ ಹೊಡೆದಾಟ ಶುರುವಾದರೆ ಅವನು ಲೈಬ್ರರಿಗೆ ಹೋಗುತ್ತಿದ್ದ. ಎಲ್ಲರೂ ಓದುವ ಹುಡುಗ ಎನ್ನುತ್ತಿದ್ದರು. ಅಲ್ಲಿಂದಲೇ ಸಭೆಯವರ ಕಣ್ಣಿಗೆ ಬಿದ್ದದ್ದು, ಉಪದೇಶಿ ಆದದ್ದು. ಕ್ರಿಸ್ತ ಕ್ಷಮಿಸಿದ, ಎಲ್ಲರನ್ನೂ ಕ್ಷಮಿಸಿದ. ಸರಿಯೇ. ಕ್ಷಮಿಸಿದವನು ಶಿಲುಬೆಯಿಂದ ಕೆಳಗಿಳಿದು ಬಂದು ಅವರನ್ನು ಮನೆಗೆ ಕರೆದು ಊಟ ಹಾಕಲಿಲ್ಲ, ರಾತ್ರಿ ಅವರ ಪಕ್ಕದಲ್ಲಿ ಮಲಗಿಕೊಳ್ಳಲಿಲ್ಲ. ಈ ಯೋಚನೆ ಬಂದೊಡನೆ ಅವನು ನಡುರಸ್ತೆಯಲ್ಲಿ ನಿಂತ. ಇಷ್ಟು ಸುಲಭದ ಮಾತು ಇಪ್ಪತ್ತು ವರ್ಷದಲ್ಲಿ ತಲೆಗೆ ಹೊಳೆದಿರಲಿಲ್ಲವಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೊಳೆದಿತ್ತೇನೋ. ಕೆಂಪು ಗೆರೆ ಎಳೆದ ಆದರೆಗಳಲ್ಲಿ ಇದೂ ಒಂದಿತ್ತೇನೋ. ಹಿಂದಿನಿಂದ ಹಾರ್ನ್ ಆಯಿತು, "ಏನ್ರೀ, ಸಾಯೋಕೆ ನನ್ ಗಾಡೀನೇ ಬೇಕಾ?" ಎಂದು ಒಬ್ಬ ಬೈದುಕೊಂಡು ಹೋದ. ಉಪದೇಶಿ ಅವನಿಗೆ ಕೈ ಮುಗಿದು ಪಕ್ಕಕ್ಕೆ ಸರಿದ.

ಮೂರನೇ ಮಹಡಿಯಲ್ಲಿ ಒಂದೇ ಬಾಗಿಲು. ತಟ್ಟುವ ಮುಂಚೆ ಕಿವಿಗೊಟ್ಟ. ಒಳಗೆ ಯಾರೋ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು. ತಟ್ಟಿದ. ಬಾಗಿಲು ತೆಗೆದವನು ತೆಳ್ಳಗಿನ, ಕುಳ್ಳನೆಯ, ಒಗೆದ ಅಂಗಿಯ ಮನುಷ್ಯ. ಒಂದು ಕಣ್ಣಿಗೆ ಗಡಿಯಾರ ರಿಪೇರಿಯವರು ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇತ್ತು. ದಾಂಡಿಗನೊಬ್ಬನನ್ನು ಎಣಿಸಿಕೊಂಡು ಬಂದಿದ್ದ ಉಪದೇಶಿಗೆ ಒಂದು ಕ್ಷಣ ಜೀವ ಹಗುರವಾಯಿತು. "ನೀವು ಮೇಷ್ಟ್ರು ಅಲ್ವಾ?" ಎಂದು ಆ ಗಂಡಸು ಭೂತಗನ್ನಡಿಯನ್ನು ಹಣೆಗೆ ಸರಿಸಿ, ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. "ಬನ್ನಿ, ಬನ್ನಿ. ನೀವಲ್ವಾ ನಮ್ಮನ್ನ ಒಂದು ಮಾಡಿದ್ದು. ನಾನೇ ಬಂದು ಕಾಣ್ಬೇಕು ಅಂತಿದ್ದೆ. ಎರಡು ವರ್ಷ ಹುಡುಕಿದೀನಿ ಇವಳನ್ನ. ಎರಡು ವರ್ಷ! ಯಾರೂ ಹೇಳ್ಲಿಲ್ಲ. ನೀವು ಒಂದೇ ಮಾತಲ್ಲಿ ಕೊಟ್ಬಿಟ್ರಿ." ದನಿ ಎಣ್ಣೆ ಹಾಕಿದ ಹಾಗಿತ್ತು. ಹಿಡಿದ ಕೈ ಬಿಡಲಿಲ್ಲ.

ಒಂದೇ ಕೋಣೆ. ಮಂಚ, ಒಲೆ, ಕಿಟಕಿಗೆ ಒತ್ತಿ ಇಟ್ಟ ಸ್ಟೂಲು, ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಚ್ಚಿದ ಗಡಿಯಾರದ ಭಾಗಗಳು ಒಂದೊಂದೂ ಅದರದರ ಜಾಗದಲ್ಲಿ. ಮೂರೇ ದಿನದಲ್ಲಿ ಕೋಣೆ ಅವನದಾಗಿಬಿಟ್ಟಿತ್ತು. ಅವಳು ಒಲೆಯ ಪಕ್ಕ ನಿಂತಿದ್ದಳು. ನಮಸ್ಕಾರ ಎನ್ನಲಿಲ್ಲ. ಗಂಡ, "ನೀರು ಕೊಡು," ಎಂದ ಮೇಲೆ ಬಲಗೈಯಲ್ಲಿ ಲೋಟ ತಂದುಕೊಟ್ಟಳು. ಎಡಗೈ ಬಟ್ಟೆಯ ಮಡಿಕೆಯೊಳಗೇ ಇತ್ತು. ಮುಖದ ಮೇಲೆ ಏನೂ ಇರಲಿಲ್ಲ, ಗಾಯವೂ ಇಲ್ಲ, ಭಾವವೂ ಇಲ್ಲ. ಉಪದೇಶಿ ಕೆಲಸಕ್ಕೆ ಯಾಕೆ ಬರಲಿಲ್ಲಮ್ಮ ಎಂದು ಅವಳನ್ನು ಕೇಳಿದ. ಉತ್ತರ ಗಂಡನಿಂದ ಬಂತು. "ಇನ್ನು ಕೆಲಸ ಯಾಕೆ ಮೇಷ್ಟ್ರೇ, ನಾನಿದೀನಲ್ಲ. ಕೈ ಬೇರೆ ಮಾಡ್ಕೊಂಡಿದಾಳೆ. ನಿನ್ನೆ ಮಿಷಿನ್ನಿಗೆ ಸಿಕ್ತಂತೆ."

ಮಿಷಿನ್ನು ಸೋಮವಾರದಿಂದ ತಣ್ಣಗಿದೆ. ಅದು ಮೂವರಿಗೂ ಗೊತ್ತಿತ್ತು. ಗಂಡ ಅವನ ಮುಖವನ್ನೇ ನೋಡುತ್ತಿದ್ದ, ಪರೀಕ್ಷೆಯಲ್ಲಿ ಮೇಷ್ಟ್ರು ಹುಡುಗನ ಮುಖ ನೋಡುವ ಹಾಗೆ. ಉಪದೇಶಿ ನೀರು ಕುಡಿದ. ಹೌದೇ, ಜಾಗ್ರತೆ, ಎಂದ. ತನ್ನ ಬಾಯಿಂದ ಬಂದ ಆ ಜಾಗ್ರತೆ ಎಂಬ ಮಾತನ್ನು ಕೇಳಿ ಅವನಿಗೇ ಹೇಸಿಗೆಯಾಯಿತು.

"ಪಾಠ ಹೇಳು, ಮೇಷ್ಟ್ರು ಬಂದಿದಾರೆ," ಎಂದ ಗಂಡ. "ಬೆಳಿಗ್ಗೆ ಎದ್ದು ಒಂದ್ಸಲ, ಮಲಗೋವಾಗ ಒಂದ್ಸಲ ಹೇಳಿಸ್ತೀನಿ ಮೇಷ್ಟ್ರೇ. ಮರೀಬಾರದಲ್ಲ. ನಂಗೂ ಬಾಯಿಪಾಠ ಆಗಿದೆ. ಎಷ್ಟು ಚೆನ್ನಾಗಿದೆ, ಒಂದೇ ಮಾತು. ಹೇಳು."

"ಎಲ್ಲರನ್ನೂ ಕ್ಷಮಿಸು," ಎಂದಳು ಅವಳು.

"ಕೈ?"

ಅವಳು ಎಡಗೈ ಹೊರಗೆ ತೆಗೆದಳು. ಎರಡೂ ಮುಷ್ಟಿ ಬಿಗಿದು ಬಿಚ್ಚಬೇಕು. ಬಲಗೈ ಬಿಗಿಯಿತು, ಬಿಚ್ಚಿತು. ಎಡಗೈಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ಬಿಗಿಯಲೂ ಇಲ್ಲ, ಬಿಚ್ಚಲೂ ಇಲ್ಲ. ಊದಿ ನೀಲಿಯಾಗಿ, ಒಂದು ಕಡೆಗೆ ವಾಲಿದ್ದವು. ಅವಳು ಕಣ್ಣು ಕೂಡ ಕಿರಿದು ಮಾಡಲಿಲ್ಲ. ಸನ್ನೆ ಮುಗಿಸಿ ಕೈಯನ್ನು ಮತ್ತೆ ಬಟ್ಟೆಯೊಳಗೆ ಇಟ್ಟುಕೊಂಡಳು. ಉಪದೇಶಿಯ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ಗಂಡ ಅವನ ಮಣಿಕಟ್ಟು ಹಿಡಿದು ತಿರುಗಿಸಿ ವಾಚು ನೋಡಿದ. "ನಾಲ್ಕು ನಿಮಿಷ ಹಿಂದಿದೆ ನಿಮ್ದು," ಎಂದು, ಕೇಳದೆಯೇ, ಸಣ್ಣ ಬೆರಳುಗಳಲ್ಲಿ ತಿರುಪು ಎಳೆದು ಸರಿ ಮಾಡಿದ. ಅಷ್ಟು ಹೊತ್ತೂ ಉಪದೇಶಿ ಕೈ ಕೊಟ್ಟುಕೊಂಡು ಕೂತಿದ್ದ, ಡಾಕ್ಟರ ಮುಂದೆ ಕೂತವನಂತೆ. ಆ ಬೆರಳುಗಳು ಬೆಚ್ಚಗಿದ್ದವು, ಶುಭ್ರವಾಗಿದ್ದವು, ಕೆಲಸ ಬಲ್ಲವು. ಎಷ್ಟು ಒತ್ತಿದರೆ ಏನು ಮುರಿಯುತ್ತದೆ ಎಂದು ಅವಕ್ಕೆ ಗೊತ್ತು ಎಂದುಕೊಂಡ.

"ಬಂದಿದ್ದಕ್ಕೆ ಒಂದು ಆಶೀರ್ವಾದ ಮಾಡಿ ಹೋಗಿ, ಈ ಮನೆಗೆ," ಎಂದ ಗಂಡ, ಮಣಿಕಟ್ಟು ಬಿಟ್ಟು. ಉಪದೇಶಿ ಎದ್ದು ನಿಂತ. ಮಾಡುವುದಿಲ್ಲ ಎನ್ನಲು ಎದ್ದವನು ಕೈ ಎತ್ತಿ ಮಾಡಿಯೇಬಿಟ್ಟ. ಇಪ್ಪತ್ತು ವರ್ಷ ಹೇಳಿ ಹೇಳಿ ನುಣುಪಾದ ಮಾತುಗಳು, ತಾವಾಗಿ ಬಂದವು. ಈ ಮನೆಯಲ್ಲಿ ಸಮಾಧಾನವಿರಲಿ, ಈ ಇಬ್ಬರನ್ನು ಒಂದಾಗಿಡು. ಒಂದಾಗಿಡು! ಕಣ್ಣು ಮುಚ್ಚಿಕೊಂಡಿದ್ದ. ಮುಗಿದಾಗ ಆಮೆನ್ ಎಂದದ್ದು ಗಂಡನಲ್ಲ, ಅವಳು. ಗಟ್ಟಿಯಾಗಿ, ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವಂತೆಯೇ. ಕಣ್ಣು ತೆರೆದರೆ ಅವಳು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದೂರು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮೇಷ್ಟ್ರೇ, ಕೆಲಸ ಸರಿಯಾಗಿ ಮಾಡಿದೆನಾ ಎಂದು ಕೇಳುವ ನೋಟ ಅದು, ಅಷ್ಟೆ. ಮಾಡಿದೆ ಎಂಬಂತೆ ಅವನ ತಲೆ ಆಡಿತು. ಚಪ್ಪಲಿ ಮೆಟ್ಟಿ ಹೊರಗೆ ಬಂದ. ಹಿಂದೆ ಚಿಲಕ ಬಿತ್ತು.

ಕೆಳಗೆ ಓಣಿಯಲ್ಲಿ ಬಿಸಿಲು ಇನ್ನೂ ಇತ್ತು. ಬಣ್ಣದಂಗಡಿಯವನು ಡಬ್ಬ ಅಲುಗಿಸುತ್ತಿದ್ದ. ಪೊಲೀಸರಿಗೆ ಹೇಳಬಹುದು. ಪಾದ್ರಿಗಳಿಗೆ ಹೇಳಬಹುದು, ಅವರೂ ಅವರ ಮೇಲಿನವರಿಗೆ ಹೇಳಬಹುದು. ಅತ್ತಿಗೆ ನಾದಿನಿಯನ್ನು ಕರೆತರಬಹುದು. ನಾಳೆ ಬರಬಹುದು. ಒಂದೊಂದೂ ಬುದ್ಧಿವಂತಿಕೆಯ ಮಾತೇ. ಇವನ್ನೆಲ್ಲ ಎಣಿಸುತ್ತಾ ಅವನು ಹತ್ತು ಹೆಜ್ಜೆ ನಡೆದ. ಹನ್ನೊಂದನೆಯದು ಹಾಕಲು ಆಗಲಿಲ್ಲ. ಅವಳಿಗೆ ಬಾಗಿಲಿತ್ತು, ವಿಳಾಸವಿಲ್ಲದ ಬಾಗಿಲು, ಎರಡು ವರ್ಷ ಅದನ್ನು ಕಾಪಾಡಿಕೊಂಡಿದ್ದಳು. ಎದುರಿಗೆ ಒಬ್ಬರು ಕೂತು ತಲೆ ಆಡಿಸಲೆಂದು ನಾನು ಅದನ್ನು ತೆಗೆಸಿದೆ. ಪೊಲೀಸರು ಬರುವ ಹೊತ್ತಿಗೆ, ಪಾದ್ರಿಗಳು ಸಭೆ ಕರೆಯುವ ಹೊತ್ತಿಗೆ ಅವಳಿಗೆ ಇನ್ನೆಷ್ಟು ಬೆರಳು ಉಳಿದಿರುತ್ತವೆ. ನನಗೆ ಭಯ, ನನಗೆ ತುಂಬಾ ಭಯ ಎಂದು ಅವನು ಬಾಯಿಬಿಟ್ಟೇ ಹೇಳಿದ. ಬಣ್ಣದಂಗಡಿಯವನು ತಲೆ ಎತ್ತಿ ನೋಡಿದ. ಉಪದೇಶಿ ತಿರುಗಿ ಮೆಟ್ಟಿಲು ಹತ್ತಿದ. ಎರಡು ಸಲ ಗೋಡೆ ಹಿಡಿದುಕೊಂಡ. ಮೇಲೆ ಹೋಗಿ ಏನು ಹೇಳಬೇಕೆಂದು ಯೋಚಿಸಲಿಲ್ಲ, ಯೋಚಿಸಿದರೆ ಇಳಿದುಬಿಡುತ್ತೇನೆ ಎಂದು ಗೊತ್ತಿತ್ತು.

ತಟ್ಟಿದ. "ಯಾರು ನೋಡು," ಎಂದು ಒಳಗಿನಿಂದ ಗಂಡನ ದನಿ. ಬಾಗಿಲು ತೆಗೆದವಳು ಅವಳು. ಅವಳ ಹೆಗಲ ಮೇಲಿಂದ ಕಾಣಿಸಿತು, ಕಿಟಕಿಯ ಬಳಿ ಅವನು ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಚಿಮುಟದಲ್ಲಿ ಏನೋ ಸಣ್ಣದನ್ನು ಹಿಡಿದು.

"ಮೇಷ್ಟ್ರು," ಎಂದಳು ಅವಳು ಒಳಗೆ ಕೇಳುವಂತೆ.

"ಏನಾದ್ರೂ ಮರೆತ್ರಾ ಮೇಷ್ಟ್ರೇ?" ಎಂದ ಗಂಡ, ತಿರುಗದೆ.

"ಮರೆತೆ," ಎಂದ ಉಪದೇಶಿ. ದನಿ ಒಡೆದು ಹೆಣ್ಣು ದನಿಯಾಗಿ ಬಂತು. ಅವನು ಅವಳ ಮುಖ ನೋಡಿ ಹೇಳಿದ. "ಪಾಠದಲ್ಲಿ ಅರ್ಧ ಬಿಟ್ಟಿದ್ದೆ. ಕ್ಷಮಿಸು ಅಂದೆ. ಆದರೆ ಜೊತೇಲಿರು ಅಂತ ಅಲ್ಲ. ಹೊಡೆಸ್ಕೋ ಅಂತ ಅಲ್ಲ. ಕೇಳಿಸ್ತಾ? ನೀನು ಅವತ್ತು ಕೇಳಿದಾಗ ನಂಗೆ ಗೊತ್ತಿತ್ತು. ನಾನು ತಪ್ಪು ಹೇಳಿಕೊಟ್ಟೆ. ನಂದೇ ತಪ್ಪು. ಬಾ, ಹೊರಡು."

ಚಿಮುಟ ಮೇಜಿನ ಮೇಲೆ ಇಟ್ಟ ಸದ್ದಾಯಿತು, ಬಹಳ ಮೆಲ್ಲಗೆ. ಅವಳು ಅಲುಗಲಿಲ್ಲ. ಈ ಮೇಷ್ಟ್ರು ಒಂದು ವಾರ ಒಂದು ಹೇಳುತ್ತಾನೆ, ಇನ್ನೊಂದು ವಾರ ಇನ್ನೊಂದು ಹೇಳುತ್ತಾನೆ, ಯಾವುದನ್ನು ನಂಬಲಿ ಎಂದು ಅವಳು ತೂಗುತ್ತಿದ್ದಾಳೆ ಎಂದು ಅವನಿಗನ್ನಿಸಿತು. ನಂಬದಿದ್ದರೆ ಅವಳನ್ನು ಬೈಯುವ ಹಾಗಿರಲಿಲ್ಲ. ಅವಳ ತುಟಿ ಅಲುಗಿತು.

"ಚಪ್ಪಲಿ ಹಾಕ್ಕೊಂಡ್ ಬರ್ಲಾ?" ಎಂದು ಪಿಸುದನಿಯಲ್ಲಿ ಕೇಳಿದಳು.

ಚಪ್ಪಲಿ ಸ್ಟೂಲಿನ ಪಕ್ಕದಲ್ಲಿತ್ತು. ಸ್ಟೂಲು ಹಿಂದಕ್ಕೆ ಸರಿಯುತ್ತಿತ್ತು.

"ಬೇಡ," ಎಂದ. "ಹಾಗೇ ಬಾ."

ಅವಳು ಹೊಸ್ತಿಲು ದಾಟಿದಳು. ಅವನು ಪಕ್ಕಕ್ಕೆ ಸರಿದು ಅವಳನ್ನು ಮುಂದೆ ಬಿಟ್ಟು, ತಾನು ಹಿಂದೆ ನಿಂತ. "ಮೇಷ್ಟ್ರೇ," ಎಂದು ಒಳಗಿನಿಂದ ಅದೇ ಮೃದುವಾದ ದನಿ ಕರೆಯಿತು, ಹತ್ತಿರವಾಗಿ. ಅವನು ತಿರುಗಲಿಲ್ಲ. ಕೆಳಗೆ ಅವಳ ಬರಿಗಾಲುಗಳು ಒಂದೊಂದೇ ಮೆಟ್ಟಿಲನ್ನು ಹುಡುಕುತ್ತಿದ್ದವು, ಅವನ ಬೆನ್ನು ಪೂರಾ ಕಾಯುತ್ತಿತ್ತು, ಏಟು ಎಲ್ಲಿ ಬೀಳುತ್ತದೆ, ಯಾವಾಗ ಬೀಳುತ್ತದೆ ಎಂದು. ಹಿಂದೆ ಹೆಜ್ಜೆಗಳು ಹೊಸ್ತಿಲಿಗೆ ಬಂದವು.

"ಬೇಗ ಇಳಿ," ಎಂದ ಉಪದೇಶಿ. ಅವಳು ಬೇಗ ಇಳಿದಳು.